ನವಜಾತ ಶಿಶುವಿನ ಮೊದಲ ಉಸಿರು: ಒಂದು ಚಿಕಿತ್ಸಾಕ್ರಮದ ಉದಯ ಮತ್ತು ಅಸ್ತ

೧. ವಿಷಯ ಪ್ರವೇಶ

ಹೆರಿಗೆ ಕೋಣೆಯ ಹೊರಗೆ ಕಾದು ನಿಂತ ಬಂಧುಗಳಿಗೆ ದಾದಿಯೊಬ್ಬಳು ಬಂದು “ಮಗು ಹೊಟ್ಟೆಯೊಳಗೇ ಗಲೀಜು ನೀರು ಕುಡಿದಿದೆ” ಎಂದು ತಿಳಿಸುವುದು ನಮ್ಮ ನಾಡಿನಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ವೈದ್ಯರು ಇದನ್ನು ಮೆಕೋನಿಯಂ ಆಸ್ಪಿರೇಷನ್ ಎಂದು ಕರೆಯುತ್ತಾರೆ. ಗರ್ಭಸ್ಥ ಶಿಶುವು ಹುಟ್ಟುವುದಕ್ಕೆ ಮೊದಲೇ ವಿಸರ್ಜಿಸಿದ ಮಲವು ಗರ್ಭೋದಕದಲ್ಲಿ ಬೆರೆತು, ಆ ನೀರು ಶಿಶುವಿನ ಶ್ವಾಸನಾಳವನ್ನು ಹೊಕ್ಕು, ಹುಟ್ಟಿದ ಮಗುವಿಗೆ ಉಸಿರಾಟವೇ ದುಸ್ಸಾಧ್ಯವಾಗುವ ಸ್ಥಿತಿಯಿದು. ಜನರ ಮಾತಿನಲ್ಲಿ ‘ಕುಡಿದಿದೆ’ ಎಂದಿದ್ದರೂ ಅಪಾಯವಿರುವುದು ಹೊಟ್ಟೆಗಿಳಿದ ನೀರಿನಿಂದಲ್ಲ, ಶ್ವಾಸಕೋಶಗಳನ್ನು ಸೇರಿದ ನೀರಿನಿಂದ.

ಇಂತಹ ವಿಷಯವು ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಏಕೆ ಬರಬೇಕೆಂದು ವಾಚಕರು ಕೇಳಬಹುದು, ಪ್ರಶ್ನೆ ಸಾಧುವಾದುದೇ. ಶಾಸನಗಳ ಕಾಲನಿರ್ಣಯ, ರಾಜವಂಶಗಳ ಏಳುಬೀಳು ಮೊದಲಾದವು ನಮ್ಮ ಅಭ್ಯಾಸದ ವಿಷಯಗಳಾಗಿರುವಂತೆಯೇ, ಮನುಷ್ಯರು ಒಂದು ಕಾರ್ಯಕ್ಕೆ ಇಂತಹುದೇ ಕಾರಣವೆಂದು ಹೇಗೆ ನಿಶ್ಚಯಿಸಿದರು, ಆ ನಿಶ್ಚಯವನ್ನು ಮುಂದೆ ಹೇಗೆ ತಿದ್ದಿಕೊಂಡರು ಎಂಬುದೂ ಇತಿಹಾಸದ ವಿಷಯವೇ ಆಗಿದೆ. ೧೯೭೪ರ ಸುಮಾರಿಗೆ ಒಂದು ಚಿಕಿತ್ಸಾಕ್ರಮವು ಸದುದ್ದೇಶದಿಂದಲೂ ಸಮಂಜಸವಾಗಿ ತೋರಿದ ತರ್ಕದಿಂದಲೂ ಹುಟ್ಟಿ, ಪ್ರಪಂಚದ ಹೆರಿಗೆ ಆಸ್ಪತ್ರೆಗಳನ್ನೆಲ್ಲ ವ್ಯಾಪಿಸಿ, ೨೦೧೫ರ ವೇಳೆಗೆ ಬಹುಮಟ್ಟಿಗೆ ತ್ಯಜಿಸಲ್ಪಟ್ಟಿತು. ಆ ನಾಲ್ಕು ದಶಕಗಳ ವೃತ್ತಾಂತವನ್ನು ಅದರ ಪೂರ್ವಪೀಠಿಕೆಯೊಡನೆ ನಿರೂಪಿಸಿ, ಕಾರಣಮೀಮಾಂಸೆಯ ದೃಷ್ಟಿಯಿಂದ ಅದು ನಮಗೆ ಕಲಿಸುವುದೇನೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ವೈದ್ಯಕೀಯ ಸಲಹೆ ಕೊಡುವುದು ಇದರ ಗುರಿಯಲ್ಲ. ಲೇಖಕನಿಗೆ ಆ ಅಧಿಕಾರವೂ ಇಲ್ಲ.

೨. ರೋಗದ ಸ್ವರೂಪ

ಗರ್ಭದಲ್ಲಿರುವ ಶಿಶುವಿಗೆ ಶ್ವಾಸಕೋಶಗಳಿಂದ ಉಸಿರಾಡುವ ಅಗತ್ಯವಿಲ್ಲ. ಅದಕ್ಕೆ ಬೇಕಾದ ಪ್ರಾಣವಾಯುವು ತಾಯಿಯ ರಕ್ತದಿಂದ ಮಾಸಿನ ಮೂಲಕ ಹೊಕ್ಕುಳ ಬಳ್ಳಿಯಲ್ಲಿ ಹರಿದುಬರುತ್ತದೆ. ಶ್ವಾಸಕೋಶಗಳಲ್ಲಿ ಆಗ ತುಂಬಿರುವುದು ಗಾಳಿಯಲ್ಲ, ದ್ರವ. ಹುಟ್ಟಿದ ಕ್ಷಣದಲ್ಲಿ ಈ ವ್ಯವಸ್ಥೆಯೆಲ್ಲ ಬದಲಾಗಬೇಕು: ಮೊದಲ ಉಸಿರುಗಳಿಂದ ಶ್ವಾಸಕೋಶ ಅರಳಬೇಕು, ದ್ರವವು ಸರಿದು ಅಲ್ಲಿ ಗಾಳಿ ನಿಲ್ಲಬೇಕು, ಅದುವರೆಗೆ ಬಿಗಿದುಕೊಂಡಿದ್ದ ರಕ್ತನಾಳಗಳು ತೆರೆದುಕೊಳ್ಳಬೇಕು.

ಗರ್ಭಮಲವೆಂದು ನಾವು ಇಲ್ಲಿ ಕರೆಯುವ ವಸ್ತುವು ಕಪ್ಪು ಮಿಶ್ರಿತ ಹಸಿರು ಬಣ್ಣದ, ಅಂಟಾದ ಪದಾರ್ಥ. ಸಾಮಾನ್ಯವಾಗಿ ಮಗು ಅದನ್ನು ಹುಟ್ಟಿದ ಮೇಲೆಯೇ ವಿಸರ್ಜಿಸುತ್ತದೆ. ಆದರೆ ದಿನ ತುಂಬಿದ ಶಿಶುಗಳಲ್ಲಿ, ವಿಶೇಷವಾಗಿ ದಿನ ಮೀರಿದವುಗಳಲ್ಲಿ, ಅಥವಾ ಪ್ರಾಣವಾಯುವಿನ ಕೊರತೆಯಿಂದ ಸಂಕಟಕ್ಕೊಳಗಾದವುಗಳಲ್ಲಿ, ವಿಸರ್ಜನೆಯು ಗರ್ಭದಲ್ಲೇ ಆಗಿಬಿಡುವುದುಂಟು. ನೂರು ಹೆರಿಗೆಗಳಲ್ಲಿ ಸುಮಾರು ೧೦ರಿಂದ ೧೫ರಲ್ಲಿ ಗರ್ಭೋದಕವು ಹೀಗೆ ಕದಡಿರುತ್ತದೆ. ಅಂತಹ ನೂರು ಮಕ್ಕಳಲ್ಲಿ ರೋಗಕ್ಕೆ ಒಳಗಾಗುವವರು ಸುಮಾರು ೫ ಮಂದಿ ಮಾತ್ರ. ಉಳಿದ ಬಹುಸಂಖ್ಯೆಯ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಅಳುತ್ತ ಹುಟ್ಟುತ್ತವೆ. ಮುಂದಿನ ವಿವೇಚನೆಗೆ ಈ ಪ್ರಮಾಣವನ್ನು ನೆನಪಿನಲ್ಲಿಡುವುದು ಅವಶ್ಯಕ.

ರೋಗಕ್ಕೆ ಒಳಗಾದ ಮಕ್ಕಳ ಸ್ಥಿತಿ ಮಾತ್ರ ಗಂಭೀರವಾದುದು. ಮಲದ ಕಣಗಳು ಸಣ್ಣ ಶ್ವಾಸನಾಳಗಳನ್ನು ಅಲ್ಲಲ್ಲಿ ಮುಚ್ಚುತ್ತವೆ. ಕೆಲವೆಡೆ ಗಾಳಿ ಒಳಗೆ ಹೋಗಬಲ್ಲದು, ಹೊರಗೆ ಬರಲಾರದು. ಆ ಭಾಗ ಉಬ್ಬಿ ಒಡೆಯುವ ಸಂಭವವಿದೆ. ಅಂಗಾಂಶಗಳು ಕೆರಳಿ ಊದಿಕೊಳ್ಳುತ್ತವೆ. ಗಾಳಿಗೂಡುಗಳು ಕುಸಿಯದಂತೆ ಕಾಪಾಡುವ ಸರ್ಫ್ಯಾಕ್ಟೆಂಟ್ ಎಂಬ ಲೇಪವು ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಶ್ವಾಸಕೋಶದ ರಕ್ತನಾಳಗಳು ತೆರೆದುಕೊಳ್ಳದೆ ಬಿಗಿದೇ ಉಳಿಯಬಹುದು. ಆಗ ರಕ್ತವು ಗರ್ಭದಲ್ಲಿದ್ದಾಗಿನ ಹಳೆಯ ದಾರಿಯಲ್ಲೇ ಹರಿದು, ಪ್ರಾಣವಾಯುವನ್ನು ಪಡೆಯದೆ ಮೈಗೆ ಮರಳುತ್ತದೆ.

೩. ಪ್ರಾಚೀನರ ದೃಷ್ಟಿ

ಮೆಕೋನಿಯಂ ಎಂಬ ಹೆಸರು ಗ್ರೀಕ್ ಭಾಷೆಯದು. ಗಸಗಸೆ ಗಿಡದ ರಸವೆಂದು ಅದರ ಅರ್ಥ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಶಿಶುವಿನ ಮೊದಲ ಮಲವನ್ನು ಪ್ರಸ್ತಾಪಿಸಿ, ಹೆಂಗಸರು ಅದಕ್ಕೆ ಈ ಹೆಸರು ಕೊಟ್ಟಿರುವುದಾಗಿ ತಿಳಿಸುತ್ತಾನೆ. ಶಾಸ್ತ್ರದ ಪಾರಿಭಾಷಿಕ ಪದವೊಂದು ಹೆರಿಗೆ ಮಾಡಿಸುವವರ ಬಾಯಿಂದ ಬಂದುದೆಂಬುದು ಗಮನಾರ್ಹ. ಅದೇ ಪ್ರಕರಣದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಎಷ್ಟೋ ವೇಳೆ ಮಗು ಸತ್ತು ಹುಟ್ಟಿದಂತೆ ತೋರಿದರೂ ನಿಜವಾಗಿ ನಿಶ್ಶಕ್ತವಾಗಿರುತ್ತದೆ ಅಷ್ಟೆ. ಅನುಭವವುಳ್ಳ ಸೂಲಗಿತ್ತಿಯರು ಹೊಕ್ಕುಳ ಬಳ್ಳಿಯಲ್ಲಿರುವ ರಕ್ತವನ್ನು ಮಗುವಿನ ಕಡೆಗೆ ಒತ್ತಿ ಹರಿಸಿ ಅದನ್ನು ಬದುಕಿಸಿದ್ದುಂಟು ಎಂಬುದು ಅವನ ಹೇಳಿಕೆ. ಸತ್ತುದಕ್ಕೂ ಸತ್ತಂತೆ ತೋರುವುದಕ್ಕೂ ಇರುವ ಈ ಅಂತರವು ನಮ್ಮ ವಿಷಯದ ತಿರುಳು. ಕೊನೆಯಲ್ಲಿ ಇದಕ್ಕೆ ಮರಳಿ ಬರಬೇಕಾಗುತ್ತದೆ.

ನಮ್ಮ ದೇಶದ ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಹುಟ್ಟಿದೊಡನೆ ಮಗುವಿಗೆ ಮಾಡಬೇಕಾದ ಉಪಚಾರಗಳು ವಿವರವಾಗಿ ಬಂದಿವೆ. ಕಿವಿಯ ಬುಡದಲ್ಲಿ ಎರಡು ಕಲ್ಲುಗಳನ್ನು ಒಂದಕ್ಕೊಂದು ಬಡಿಯುವುದು, ಮುಖಕ್ಕೆ ತಣ್ಣೀರನ್ನಾಗಲಿ ಬಿಸಿನೀರನ್ನಾಗಲಿ ಚಿಮುಕಿಸುವುದು, ಮಗು ಅಲುಗಾಡದಿದ್ದರೆ ಪ್ರಾಣವು ಮರಳುವವರೆಗೂ ಮೊರದಿಂದ ಗಾಳಿ ಬೀಸುವುದು ಎಂಬುದು ಅಲ್ಲಿಯ ಕ್ರಮ. ಪ್ರಾಣ ಮರಳಿ ಮಗು ಸಹಜ ಸ್ಥಿತಿಗೆ ಬಂದ ಮೇಲೆ ಸ್ನಾನ. ಅದಾದ ಮೇಲೆ ಉಗುರು ತೆಗೆದ ಬೆರಳಿಗೆ ಶುದ್ಧವಾದ ಹತ್ತಿಯನ್ನು ಸುತ್ತಿ ಅಂಗುಳು, ತುಟಿ, ಗಂಟಲು, ನಾಲಗೆಗಳನ್ನು ಒರೆಸುವುದು. ತರುವಾಯ ಸೈಂಧವ ಲವಣ ಬೆರೆತ ತುಪ್ಪದಿಂದ ವಾಂತಿ ಮಾಡಿಸುವುದು. ಉಸಿರು ಮೊದಲು, ಬಾಯಿಯ ಶುದ್ಧಿ ಆಮೇಲೆ ಎಂಬ ಕ್ರಮವು ಇಲ್ಲಿ ಸ್ಪಷ್ಟವಾಗಿದೆ.

ಇದನ್ನು ಕಂಡು, ಇಂದಿನ ವಿಜ್ಞಾನವೆಲ್ಲ ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತೆಂದು ಉತ್ಸಾಹಪಡುವುದು ಸುಲಭ. ಆದರೆ ಅದು ಇತಿಹಾಸಕಾರನ ಮಾರ್ಗವಲ್ಲ. ಸುಶ್ರುತ ಸಂಹಿತೆಯಲ್ಲಿ ಮಗುವಿನ ಮೈಮೇಲಿನ ಲೋಳೆಯನ್ನು ತೆಗೆದು, ಸೈಂಧವ ಮತ್ತು ತುಪ್ಪಗಳಿಂದ ಬಾಯಿಯನ್ನು ಶುದ್ಧಿಗೊಳಿಸುವ ವಿಧಿಯೇ ಆರಂಭದಲ್ಲಿ ಬರುತ್ತದೆ. ಒಂದೇ ಪರಂಪರೆಯ ಎರಡು ಗ್ರಂಥಗಳು ಎರಡು ಅನುಕ್ರಮಗಳನ್ನು ಹೇಳುತ್ತಿರುವಾಗ, ನಮಗೆ ಒಪ್ಪುವುದನ್ನಷ್ಟೇ ಆರಿಸಿಕೊಳ್ಳುವುದು ನ್ಯಾಯವಲ್ಲ. ಈ ಆಧಾರಗಳಿಂದ ಇಷ್ಟನ್ನು ಮಾತ್ರ ಹೇಳಬಹುದು: ಅಲುಗಾಡದೆ ಹುಟ್ಟಿದ ಮಗುವನ್ನು ಕೈಬಿಡಬಾರದೆಂಬ ಅರಿವು ಪ್ರಾಚೀನವಾದುದು, ಮೊದಲು ಏನು ಮಾಡಬೇಕೆಂಬ ಪ್ರಶ್ನೆಯೂ ಅಷ್ಟೇ ಪ್ರಾಚೀನವಾದುದು.

೪. ಯೂರೋಪಿನ ಪ್ರಯೋಗಗಳು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಂಜಮಿನ್ ಪ್ಯೂ ಎಂಬ ವೈದ್ಯನು ೧೭೫೪ರಲ್ಲಿ ಪ್ರಕಟಿಸಿದ ಪ್ರಸೂತಿ ಗ್ರಂಥದಲ್ಲಿ, ಉಸಿರಾಡದ ಶಿಶುವಿನ ಬಾಯಿಯ ಮೇಲೆ ಬಾಯಿಯಿಟ್ಟು ಗಾಳಿಯೂದುವ ಕ್ರಮವನ್ನೂ, ಕಾಲು ಮುಂದಾಗಿ ಬಂದು ತಲೆ ಸಿಕ್ಕಿಕೊಂಡ ಶಿಶುವಿಗೆ ಗಾಳಿ ಒದಗಿಸಲು ಬಾಗಿದ ನಳಿಗೆಯೊಂದನ್ನೂ ವಿವರಿಸಿದನು. ಈ ಮಾರ್ಗವೇ ಮುಂದುವರಿದಿದ್ದರೆ ಎಷ್ಟೋ ಮಕ್ಕಳಿಗೆ ಪ್ರಯೋಜನವಾಗುತ್ತಿತ್ತೆಂದು ಇಂದು ಅನ್ನಿಸುತ್ತದೆ. ಆದರೆ ವೈದ್ಯಶಾಸ್ತ್ರದ ದಾರಿ ನೇರವಾದುದಲ್ಲ. ೧೮೭೧ರಲ್ಲಿ ಜರ್ಮನಿಯ ಯೇನಾ ನಗರದ ಬರ್ನ್‌ಹಾರ್ಡ್ ಷುಲ್ಟ್ಸೆ ಎಂಬ ಪ್ರಸೂತಿ ತಜ್ಞನು, ಮಗುವನ್ನು ಭುಜಗಳಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಬೀಸಿ ತೂಗುವ ವಿಧಾನವನ್ನು ಪ್ರಚಾರಕ್ಕೆ ತಂದನು. ದೇಹವು ಮಡಿಚಿದಾಗ ಎದೆಯೊಳಗಿನದು ಹೊರಬೀಳುತ್ತದೆ, ಬಿಚ್ಚಿಕೊಂಡಾಗ ಗಾಳಿ ಒಳಸೇರುತ್ತದೆ ಎಂಬುದು ಅದರ ಹಿಂದಿನ ತರ್ಕ. ಈ ತೂಗಾಟವು ಹಲವು ದಶಕಗಳ ಕಾಲ ಪಾಠಪುಸ್ತಕಗಳಲ್ಲಿ ಗೌರವದ ಸ್ಥಾನವನ್ನು ಪಡೆದಿತ್ತು. ಹೀಗೆ ಬೀಸಿ ತೂಗಿದ ಮಕ್ಕಳಲ್ಲಿ ಕೆಲವು ಬದುಕಿದವು. ಬದುಕಿದುದಕ್ಕೆ ತೂಗಿದುದೇ ಕಾರಣವೆಂದು ನಂಬಲಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಮುಖ್ಯ ಬೆಳವಣಿಗೆಗಳಾದವು. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್ ೧೯೫೩ರಲ್ಲಿ, ಮೈಬಣ್ಣ, ಹೃದಯದ ಬಡಿತ, ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಉಸಿರಾಟ ಎಂಬ ಐದು ಲಕ್ಷಣಗಳಿಗೆ ಅಂಕಗಳನ್ನು ಕೊಟ್ಟು ನವಜಾತ ಶಿಶುವಿನ ಸ್ಥಿತಿಯನ್ನು ಅಳೆಯುವ ಪದ್ಧತಿಯನ್ನು ಪ್ರಕಟಿಸಿದಳು. ಅದುವರೆಗೆ ತಾಯಿಯ ಕಡೆಗೇ ತಿರುಗಿರುತ್ತಿದ್ದ ದೃಷ್ಟಿಯನ್ನು ಒಂದು ನಿಮಿಷವಾದರೂ ಮಗುವಿನ ಮೇಲೆ ನಿಲ್ಲಿಸಿದ ಕೀರ್ತಿ ಆಕೆಗೆ ಸಲ್ಲಬೇಕು. ಎರಡನೆಯದಾಗಿ, ೧೯೫೬ರಲ್ಲಿ ಡೆನ್ಮಾರ್ಕಿನ ಹೆನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಅವರು, ಹಿಂಡಿದ ಮೇಲೆ ತಾನಾಗಿಯೇ ಉಬ್ಬಿಕೊಳ್ಳುವ ಗಾಳಿಚೀಲವನ್ನು ರೂಪಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲೆಲ್ಲ ಆಂಬು ಬ್ಯಾಗ್ ಎಂದು ಕರೆಯುವುದು ಇದನ್ನೇ.

೫. ಹೀರುವ ಪದ್ಧತಿಯ ಉದಯ

೧೯೭೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಅವರ ಸಂಗಡಿಗರು ಗರ್ಭಮಲದಿಂದ ಕದಡಿದ ನೀರಿನಲ್ಲಿ ಹುಟ್ಟಿದ ಮಕ್ಕಳನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. ಇವರು ಸಾಮಾನ್ಯ ವೈದ್ಯರಲ್ಲ. ನವಜಾತ ಶಿಶುಗಳ ಶ್ವಾಸಕೋಶ ಕುಸಿಯದಂತೆ ಸತತವಾದ ಮೆಲ್ಲೊತ್ತಡದಲ್ಲಿ ಗಾಳಿ ಕೊಡುವ ಕ್ರಮವನ್ನು ೧೯೭೧ರಲ್ಲಿ ಪ್ರಪಂಚಕ್ಕೆ ತಿಳಿಸಿ ಸಾವಿರಾರು ಜೀವಗಳಿಗೆ ನೆರವಾದವರು. ಕದಡಿದ ನೀರಿನಲ್ಲಿ ಹುಟ್ಟಿದ ಮಗುವಿನ ಗಂಟಲೊಳಗೆ ಕೂಡಲೇ ನಳಿಗೆ ತೂರಿಸಿ, ಶ್ವಾಸನಾಳದಲ್ಲಿರುವುದನ್ನು ಹೀರಿ ತೆಗೆಯಬೇಕೆಂಬುದು ಅವರ ಸಲಹೆ. ಮರುವರ್ಷ ಪ್ರಕಟವಾದ ಟಿಂಗ್ ಮತ್ತು ಬ್ರೇಡಿ ಅವರ ಲೇಖನವು, ಹೀಗೆ ಹೀರಿಸಿಕೊಂಡ ಮಕ್ಕಳ ಗತಿಯು ಹೀರಿಸಿಕೊಳ್ಳದವುಗಳಿಗಿಂತ ಎಷ್ಟೋ ಮೇಲೆಂದು ಹಳೆಯ ದಾಖಲೆಗಳ ಆಧಾರದಿಂದ ಸಾರಿತು. ೧೯೭೬ರಲ್ಲಿ ಡೆನ್ವರಿನ ಕಾರ್ಸನ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಲೆ ಹೊರಬಂದು ಭುಜಗಳು ಇನ್ನೂ ಒಳಗಿರುವಾಗಲೇ ಬಾಯಿ ಮೂಗುಗಳನ್ನು ಹೀರಿ ಶುದ್ಧಿಗೊಳಿಸಬೇಕೆಂದರು. ಈ ಕ್ರಮವನ್ನು ಅನುಸರಿಸಿದ ಮೇಲಿನ ಮಕ್ಕಳನ್ನು ಅದಕ್ಕೆ ಹಿಂದಿನ ವರ್ಷಗಳ ಮಕ್ಕಳೊಡನೆ ಹೋಲಿಸಿದಾಗ ರೋಗವು ಬಹಳ ಕಡಮೆಯಾಗಿ ಕಂಡಿತು.

ತರ್ಕವು ಸರಳವಾಗಿತ್ತು. ಮಲವು ಕಣ್ಣಿಗೆ ಕಾಣುತ್ತಿದೆ. ಅದು ಒಳಗೆ ಹೋದರೆ ಕೇಡು. ಆದ್ದರಿಂದ ಮಗು ಮೊದಲ ಉಸಿರೆಳೆದುಕೊಳ್ಳುವುದಕ್ಕೆ ಮುಂಚೆಯೇ ಅದನ್ನು ತೆಗೆಯಬೇಕು. ಇದನ್ನು ಸಂಶಯಿಸುವುದಕ್ಕೆ ಯಾರಿಗೂ ಕಾರಣ ತೋರಲಿಲ್ಲ. ನವಜಾತ ಶಿಶುಗಳ ಪುನಶ್ಚೇತನದ ಶಿಕ್ಷಣಕ್ರಮವು ೧೯೮೭ರಲ್ಲಿ ಅಮೆರಿಕದಲ್ಲಿ ವ್ಯವಸ್ಥಿತ ರೂಪವನ್ನು ತಾಳಿದಾಗ ಈ ವಿಧಿಯೂ ಅದರಲ್ಲಿ ಸೇರಿತು. ಅಲ್ಲಿಂದ ಭಾರತಕ್ಕೂ ಬಂದಿತು.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಿಂದಿನ ವರ್ಷಗಳಿಗೂ ಈಚಿನ ವರ್ಷಗಳಿಗೂ ನಡುವೆ ಬದಲಾದುದು ಹೀರುವ ಪದ್ಧತಿಯೊಂದೇ ಆಗಿತ್ತೆ? ೧೯೭೦ರ ದಶಕದಲ್ಲಿ ಹೆರಿಗೆಯ ವೇಳೆ ಶಿಶುವಿನ ಹೃದಯದ ಬಡಿತವನ್ನು ಯಂತ್ರದಿಂದ ಸತತವಾಗಿ ಗಮನಿಸುವ ರೂಢಿ ಹರಡುತ್ತಿತ್ತು. ನವಜಾತ ಶಿಶುಗಳಿಗೇ ಮೀಸಲಾದ ತೀವ್ರ ನಿಗಾ ಘಟಕಗಳು ಏಳುತ್ತಿದ್ದವು. ಕೃತಕ ಉಸಿರಾಟದ ಸಾಧನಗಳು ಸುಧಾರಿಸುತ್ತಿದ್ದವು. ೧೯೭೫ರಲ್ಲಿ ರಾಬರ್ಟ್ ಬಾರ್ಟ್ಲೆಟ್ ಎಂಬ ಶಸ್ತ್ರವೈದ್ಯರು ಕ್ಯಾಲಿಫೋರ್ನಿಯಾದಲ್ಲಿ, ಇದೇ ರೋಗದಿಂದ ಸಾಯುವ ಸ್ಥಿತಿಯಲ್ಲಿದ್ದ ಶಿಶುವೊಂದರ ರಕ್ತವನ್ನು ದೇಹದ ಹೊರಗಿನ ಯಂತ್ರದಲ್ಲಿ ಹಾಯಿಸಿ, ಪ್ರಾಣವಾಯುವನ್ನು ಸೇರಿಸಿ ಮರಳಿಸಿ, ಅದನ್ನು ಬದುಕಿಸಿದರು. ಇಷ್ಟೆಲ್ಲ ಒಟ್ಟಿಗೆ ಬದಲಾಗುತ್ತಿದ್ದ ಕಾಲದಲ್ಲಿ, ಆದ ಉಪಕಾರವನ್ನೆಲ್ಲ ಒಂದೇ ಕಾರಣದ ಲೆಕ್ಕಕ್ಕೆ ಬರೆಯುವುದು ಯುಕ್ತವಲ್ಲ. ಒಂದರ ಬಳಿಕ ಇನ್ನೊಂದು ಬಂದಿತೆಂಬುದರಿಂದ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲವೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಸಾಮ್ರಾಜ್ಯಗಳ ಪತನವನ್ನು ವಿವರಿಸುವಾಗ ಮಾಡಬಾರದೆಂದು ನಾವು ಎಚ್ಚರಿಸುವ ತಪ್ಪೇ ಇಲ್ಲಿ ಹೆರಿಗೆಯ ಕೋಣೆಯಲ್ಲಿ ನಡೆಯಿತು.

೬. ಪರೀಕ್ಷೆ ಮತ್ತು ಪರಿತ್ಯಾಗ

ಈ ತೊಡಕನ್ನು ಬಿಡಿಸುವ ಉಪಾಯವೆಂದರೆ, ಒಂದೇ ಕಾಲದಲ್ಲಿ, ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ಚೀಟಿ ಎತ್ತಿದಂತೆ ಯಾವ ಪಕ್ಷಪಾತವೂ ಇಲ್ಲದೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಚಿಕಿತ್ಸೆ ಮಾಡಿ, ಇನ್ನೊಂದನ್ನು ಕಾದು ನೋಡುವುದು. ೨೦೦೦ದಲ್ಲಿ ಥಾಮಸ್ ವಿಸ್ವೆಲ್ ಮತ್ತು ಸಂಗಡಿಗರು ೨,೦೯೪ ಮಕ್ಕಳ ಇಂತಹ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಇವು ಕದಡಿದ ನೀರಿನಲ್ಲಿ ಹುಟ್ಟಿದರೂ ಚಟುವಟಿಕೆಯಿಂದಿದ್ದ ಮಕ್ಕಳು. ನಳಿಗೆ ಹಾಕಿ ಹೀರಿದವುಗಳಲ್ಲಿ ನೂರಕ್ಕೆ ೩.೨, ಹಾಗೆಯೇ ಬಿಟ್ಟವುಗಳಲ್ಲಿ ನೂರಕ್ಕೆ ೨.೭ ರೋಗಕ್ಕೆ ತುತ್ತಾದವು. ಅಂದರೆ ಗಣನೀಯವಾದ ವ್ಯತ್ಯಾಸವೇ ಇರಲಿಲ್ಲ. ೨೦೦೪ರಲ್ಲಿ ನೆಸ್ಟರ್ ವೈನ್ ಮತ್ತು ಸಂಗಡಿಗರು, ಬಹುಪಾಲು ಅರ್ಜೆಂಟೀನದ ಆಸ್ಪತ್ರೆಗಳಲ್ಲಿ, ೨,೫೧೪ ಶಿಶುಗಳ ಮೇಲೆ ಕಾರ್ಸನ್ ವಿಧಾನವನ್ನು ಪರೀಕ್ಷಿಸಿದರು. ಭುಜಗಳು ಹೊರಬರುವ ಮುನ್ನ ಹೀರಿದ ಗುಂಪಿನಲ್ಲೂ ಹೀರದ ಗುಂಪಿನಲ್ಲೂ ನೂರಕ್ಕೆ ೪ ಮಕ್ಕಳಿಗೇ ರೋಗ ಬಂದಿತು.

ಉಳಿದುದು ಅತ್ಯಂತ ಕಠಿಣವಾದ ಪ್ರಶ್ನೆ. ಅಳದೆ, ಅಲುಗದೆ, ನಿಸ್ತೇಜವಾಗಿ ಹುಟ್ಟಿದ ಮಗುವಿಗೆ ಏನು ಮಾಡಬೇಕು? ಅಂತಹ ಮಗುವಿನ ಶ್ವಾಸನಾಳವನ್ನು ಶುದ್ಧಿಗೊಳಿಸದೆ ಗಾಳಿಯೊತ್ತುವುದು ಮಲವನ್ನು ಇನ್ನಷ್ಟು ಒಳಕ್ಕೆ ದೂಡಿದಂತೆ ಎಂಬ ಭಯವು ಸಹಜವಾಗಿತ್ತು. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ಭಾರತದ ವೈದ್ಯರ ಪಾತ್ರ ದೊಡ್ಡದು. ೨೦೧೫ರಲ್ಲಿ ಪುದುಚೇರಿಯ ಜಿಪ್ಮರ್ ಸಂಸ್ಥೆಯಲ್ಲಿ ೧೨೨ ಮಕ್ಕಳ ಮೇಲೂ, ೨೦೧೬ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ೧೭೫ ಮಕ್ಕಳ ಮೇಲೂ ನಡೆದ ಪರೀಕ್ಷೆಗಳಲ್ಲಿ, ಹೀರುವುದರಿಂದ ವಿಶೇಷವಾದ ಉಪಕಾರವೇನೂ ಕಂಡುಬರಲಿಲ್ಲ. ಈ ಪರೀಕ್ಷೆಗಳು ಚಿಕ್ಕವೆಂಬುದನ್ನು ಒಪ್ಪಲೇಬೇಕು. ಆದರೆ ನಳಿಗೆ ತೂರಿಸುವುದರಲ್ಲಿ ಕಳೆಯುವ ಕಾಲವೆಲ್ಲ ಮಗುವಿಗೆ ಉಸಿರಿಲ್ಲದ ಕಾಲವೆಂಬುದರಲ್ಲಿ ಸಂದೇಹವಿರಲಿಲ್ಲ. ೨೦೧೫ರ ಅಂತಾರಾಷ್ಟ್ರೀಯ ಮಾರ್ಗಸೂಚಿಯು ವಾಡಿಕೆಯಾಗಿ ಹೀರುವುದನ್ನು ಕೈಬಿಟ್ಟು, ಉಸಿರಾಡದ ಮಗುವಿಗೆ ಕೂಡಲೇ ಗಾಳಿ ಕೊಡುವುದೇ ಮುಖ್ಯವೆಂದು ಸಾರಿತು. ದಾರಿ ನಿಜವಾಗಿ ಕಟ್ಟಿಕೊಂಡಿದ್ದಾಗ ಮಾತ್ರ ಅದನ್ನು ಬಿಡಿಸಬೇಕೆಂಬುದು ಇಂದಿನ ನಿಲುವು.

ಹೀರುವುದು ಏಕೆ ಫಲಿಸಲಿಲ್ಲ? ಸಂಕಟಕ್ಕೊಳಗಾದ ಶಿಶುವು ಗರ್ಭದಲ್ಲಿರುವಾಗಲೇ ಏದುಸಿರೆಳೆದು ಮಲವನ್ನು ಶ್ವಾಸಕೋಶದ ಆಳಕ್ಕೆ ಎಳೆದುಕೊಂಡಿರುತ್ತದೆ. ಹೆರಿಗೆಯ ಸಮಯದಲ್ಲಿ ಹೀರುವ ನಳಿಗೆಯು ಅಲ್ಲಿಗೆ ತಲುಪುವುದಿಲ್ಲ. ತೀವ್ರ ರೋಗದಲ್ಲಿ ಮಲಕ್ಕಿಂತ ಹೆಚ್ಚಾಗಿ, ಮಲವನ್ನು ಹೊರಡಿಸಿದ ಪ್ರಾಣವಾಯುವಿನ ಕೊರತೆಯೇ ಮೂಲವೆಂಬುದು ಅನೇಕ ತಜ್ಞರ ಮತ. ಅಮೆರಿಕದಲ್ಲಿ ೧೯೯೦ರ ದಶಕದಲ್ಲಿ ಈ ರೋಗವು ಇಳಿಮುಖವಾದುದನ್ನು ಪರಿಶೀಲಿಸಿ ೨೦೦೨ರಲ್ಲಿ ಪ್ರಕಟವಾದ ಅಧ್ಯಯನವೊಂದು, ೪೧ ವಾರಗಳನ್ನು ಮೀರಿದ ಹೆರಿಗೆಗಳು ಕಡಮೆಯಾದುದನ್ನು ಅದರೊಡನೆ ಸಂಬಂಧಿಸಿ ತೋರಿಸಿತು. ಅಂದರೆ ಕಾರಣವನ್ನು ಹುಟ್ಟಿದ ಕ್ಷಣದಲ್ಲಿ ಅಲ್ಲ, ಅದಕ್ಕೆ ಹಿಂದಿನ ದಿನಗಳಲ್ಲಿ ಹುಡುಕಬೇಕಾಗಿತ್ತು.

೭. ಬೆಳಗಾವಿಯ ಸಾಕ್ಷ್ಯ

ಈ ವೃತ್ತಾಂತದಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆಯನ್ನೂ ಗಾಳಿಚೀಲದ ಉಪಯೋಗವನ್ನೂ ಕಲಿಸಿದರೆ ಏನಾಗುತ್ತದೆಂದು ತಿಳಿಯಲು ಅರ್ಜೆಂಟೀನ, ಕಾಂಗೋ, ಗ್ವಾಟೆಮಾಲ, ಭಾರತ, ಪಾಕಿಸ್ತಾನ, ಜಾಂಬಿಯ ಎಂಬ ಆರು ದೇಶಗಳಲ್ಲಿ ನಡೆದ ಅಧ್ಯಯನದ ಭಾರತೀಯ ಕ್ಷೇತ್ರವು ಬೆಳಗಾವಿಯ ಗ್ರಾಮಾಂತರ ಪ್ರದೇಶವಾಗಿತ್ತು. ೨೦೧೦ರಲ್ಲಿ ಪ್ರಕಟವಾದ ಅದರ ಫಲವು ಮೊದಲ ನೋಟಕ್ಕೆ ವಿಚಿತ್ರವಾದುದು. ಹುಟ್ಟಿದ ಮೊದಲ ವಾರದ ಮರಣಗಳು ಗಣನೀಯವಾಗಿ ಕಡಮೆಯಾಗಲಿಲ್ಲ. ಆದರೆ ಸತ್ತು ಹುಟ್ಟಿದವೆಂದು ಲೆಕ್ಕಕ್ಕೆ ಸೇರಿದ ಮಕ್ಕಳ ಪ್ರಮಾಣವು ಸಾವಿರಕ್ಕೆ ೨೩.೦ರಿಂದ ೧೫.೯ಕ್ಕೆ ಇಳಿಯಿತು. ಮುಂದೆ ಕರ್ನಾಟಕದ ಉತ್ತರ ಭಾಗದಲ್ಲೇ ಇನ್ನೊಂದು ಶಿಕ್ಷಣಕ್ರಮವನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ, ಹೆರಿಗೆಗೆ ತುಸು ಮುಂಚೆ ಸತ್ತವೆಂದು ಎಣಿಸಲಾದ ಶಿಶುಗಳ ಪ್ರಮಾಣವು ನೂರಕ್ಕೆ ೧.೭ರಿಂದ ೦.೯ಕ್ಕೆ ಇಳಿಯಿತು. ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಗಾಳಿ ಕೊಡಬೇಕೆಂಬುದು ಆ ಶಿಕ್ಷಣದ ತಿರುಳು.

ಗರ್ಭದಲ್ಲೇ ಮೃತವಾದ ಶಿಶುವನ್ನು ಯಾವ ಗಾಳಿಚೀಲವೂ ಬದುಕಿಸಲಾರದು. ಹಾಗಾದರೆ ಈ ಇಳಿತಕ್ಕೆ ಅರ್ಥವೇನು? ಶಿಕ್ಷಣಕ್ಕೆ ಮುಂಚೆ ಸತ್ತು ಹುಟ್ಟಿದವೆಂದು ಬರೆಯಲಾದ ಮಕ್ಕಳಲ್ಲಿ ಕೆಲವು ನಿಜವಾಗಿ ಸತ್ತಿರಲಿಲ್ಲ. ಅವು ಉಸಿರೆಳೆದುಕೊಳ್ಳಲಾರದೆ ಮಲಗಿದ್ದವು. ಅವುಗಳನ್ನೀಗ ಬದುಕಿರುವವೆಂದು ಗುರುತಿಸಿ ಉಸಿರು ಕೊಡಲಾಯಿತು. ಮೊದಲ ವಾರದ ಮರಣಗಳು ಆ ಮೂಲಕ ಹೆಚ್ಚಾಗದಿರುವುದರಿಂದ, ಹೀಗೆ ಗುರುತಿಸಿದ ಮಕ್ಕಳು ಕೇವಲ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗಲಿಲ್ಲ, ಅವುಗಳಲ್ಲಿ ಅನೇಕವು ಬದುಕಿದವು ಎಂದು ತಿಳಿಯಬೇಕಾಗುತ್ತದೆ. ಅರಿಸ್ಟಾಟಲನು ಸೂಲಗಿತ್ತಿಯರಿಂದ ಕೇಳಿ ಬರೆದಿಟ್ಟ ಅಂತರವು ಇಲ್ಲಿ ಅಂಕಿಗಳಲ್ಲಿ ಕಾಣಿಸಿಕೊಂಡಿದೆ.

೮. ಉಪಸಂಹಾರ

ಮೇಲಿನ ವಿವರಗಳಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು: ಕಣ್ಣಿಗೆ ಎದ್ದು ಕಾಣುವ ಸಂಗತಿಯೇ ಕಾರಣವೆಂದು ಬಗೆಯುವುದು ಮನುಷ್ಯ ಸ್ವಭಾವ. ಹಸಿರು ನೀರು ಕಂಡಿತು. ಅದನ್ನು ತೆಗೆಯುವುದರಲ್ಲಿ ಕೈಗಳು ತೊಡಗಿದವು. ಕಾಣದೆ ಇದ್ದುದು ಉಸಿರಿನ ಅಭಾವ. ಆ ಕಾಲದ ವೈದ್ಯರನ್ನು ಅಜ್ಞರೆಂದು ಜರೆಯುವುದು ಅನ್ಯಾಯ. ತಮ್ಮ ವೃತ್ತಿಯವರೇ ಸ್ಥಾಪಿಸಿದ ಆಚಾರವನ್ನು ಪರೀಕ್ಷೆಗೊಡ್ಡಿ, ಅದು ನಿಲ್ಲದಿದ್ದಾಗ ಬಿಟ್ಟುಕೊಟ್ಟುದು ಆ ಶಾಸ್ತ್ರದ ಹಿರಿಮೆಯೇ ಸರಿ.

ಎರಡನೆಯದು ನಮ್ಮ ವೃತ್ತಿಗೆ ಸೇರಿದುದು. ನಾವು ದಾಖಲೆಗಳನ್ನು ನಂಬಿ ಇತಿಹಾಸವನ್ನು ಬರೆಯುವವರು. ಹಳೆಯ ಜನನ ಮರಣ ಪುಸ್ತಕಗಳಲ್ಲಿ ‘ಸತ್ತು ಹುಟ್ಟಿದ್ದು’ ಎಂಬ ನಮೂದನ್ನು ಕಂಡಾಗ ಅದನ್ನು ನಡೆದ ಸಂಗತಿಯೆಂದೇ ಸ್ವೀಕರಿಸುತ್ತೇವೆ. ಬೆಳಗಾವಿಯ ಅಂಕಿಗಳನ್ನು ನೋಡಿದ ಮೇಲೆ, ಆ ನಮೂದು ಅನೇಕ ವೇಳೆ ಸಂಗತಿಯಲ್ಲ, ಬರೆದವನ ತೀರ್ಮಾನ ಮಾತ್ರವೆಂದು ಒಪ್ಪಬೇಕಾಗಿದೆ. ಜನಸಂಖ್ಯೆಯ ಇತಿಹಾಸವನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಮೈಸೂರು ಸಂಸ್ಥಾನದ, ಮುಂಬಯಿ ಮತ್ತು ಮದರಾಸು ಪ್ರಾಂತಗಳ ಅಂತಹ ಪುಸ್ತಕಗಳನ್ನು ಬಿಚ್ಚಿದಾಗ, ಒಂದೊಂದು ಸಾಲಿನ ಮುಂದೆಯೂ ಈ ಪ್ರಶ್ನೆಯನ್ನಿಡುವುದು ಅವಶ್ಯಕ: ಇದನ್ನು ನಿಶ್ಚಯಿಸಿದವರು ಯಾರು, ಎಷ್ಟು ಹೊತ್ತು ನೋಡಿ ನಿಶ್ಚಯಿಸಿದರು, ಮತ್ತು ಆ ಮಗುವಿಗೆ ಯಾರಾದರೂ ಉಸಿರು ಕೊಡಲು ಪ್ರಯತ್ನಿಸಿದ್ದರೆ?